ಹೆಸರು ಸಿಕ್ಕರೆ ಸಾಲದು, ಸಂಬಂಧ ಸಾಬೀತಾಗಬೇಕು: ಐರಿಷ್ ವಲಸಿಗರ ಬೇರುಗಳ ಹುಡುಕಾಟ

ಐರ್ಲೆಂಡ್ ತನ್ನದೇ ಸರ್ಕಾರವನ್ನು ಪಡೆದ ಮೇಲೆ ನಡೆಸಿದ ಮೊದಲ ಜನಗಣತಿಯ ದಿನಾಂಕ 1926ರ ಏಪ್ರಿಲ್ 18. ಅಂದು ಮನೆಮನೆಯಲ್ಲಿ ಭರ್ತಿ ಮಾಡಿದ ನಮೂನೆಗಳನ್ನು ನೂರು ವರ್ಷಗಳ ಕಾಲ ಬಹಿರಂಗಪಡಿಸುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಆ ಗಡುವು ತುಂಬುವ 2026ರ ಏಪ್ರಿಲ್ 18ನ್ನೇ ಅವುಗಳ ಬಿಡುಗಡೆಯ ದಿನವೆಂದು ಡಬ್ಲಿನ್‌ನ ರಾಷ್ಟ್ರೀಯ ಪತ್ರಾಗಾರವು ಗೊತ್ತುಪಡಿಸಿತು. ಸುಮಾರು 29.7 ಲಕ್ಷ ಜನರ ಹೆಸರು, ವಯಸ್ಸು, ಹುಟ್ಟೂರು, ಉದ್ಯೋಗ, ಧರ್ಮಗಳ ವಿವರ ಈ ಕಾಗದಗಳಲ್ಲಿದೆ.

ಜನಗಣತಿಯ ಹಳೆಯ ಕಡತವೊಂದು ಹೊರಬರುವುದು ಬೇರೆ ದೇಶಗಳಲ್ಲಿ ಇತಿಹಾಸದ ಅಧ್ಯಾಪಕರಿಗಷ್ಟೇ ಸುದ್ದಿಯಾದೀತು. ಐರ್ಲೆಂಡ್‌ನಲ್ಲಿ ಹಾಗಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯ, ಬ್ರಿಟನ್‌ಗಳಲ್ಲಿ ನೆಲೆಸಿರುವ ಐರಿಷ್ ಮೂಲದವರ ಸಂಖ್ಯೆ ಐರ್ಲೆಂಡ್‌ನ ಇಂದಿನ ಜನಸಂಖ್ಯೆಯ ಹಲವು ಪಟ್ಟು. ‘ನಮ್ಮ ಹಿರಿಯರು ಯಾವ ಊರಿನವರು?’ ಎಂಬ ಒಂದೇ ಪ್ರಶ್ನೆ ಹೊತ್ತು ತಲೆಮಾರುಗಳಿಂದ ಹುಡುಕುತ್ತಿರುವವರು ಇವರು. ಕೆಲವರಿಗೆ ಅದು ಭಾವನೆಯ ಪ್ರಶ್ನೆ. ಇನ್ನು ಕೆಲವರಿಗೆ ಪಾಸ್‌ಪೋರ್ಟಿನ ಪ್ರಶ್ನೆ. ಹುಟ್ಟಿದ ಕೂಡಲೇ ದತ್ತು ಹೋದವರಿಗೆ ಅದು ತಾಯಿಯ ಹೆಸರಿನ ಪ್ರಶ್ನೆ.

ಈ ಹುಡುಕಾಟ ಹಿಂದೆಂದಿಗಿಂತಲೂ ಇಂದು ಸುಲಭವಾಗಿದೆ. ಆದರೆ ಹುಡುಕುವುದು ಬೇರೆ, ಸಾಬೀತುಪಡಿಸುವುದು ಬೇರೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಹೆಸರನ್ನು ಕಾಣುವುದಕ್ಕೆ ಕ್ಷಣ ಸಾಕು. ಆ ಹೆಸರಿನ ವ್ಯಕ್ತಿಯೇ ತನ್ನ ಮುತ್ತಜ್ಜ ಎಂದು ತೋರಿಸುವುದಕ್ಕೆ ವರ್ಷಗಳೇ ಬೇಕಾಗಬಹುದು. ಈ ಎರಡರ ನಡುವಣ ಅಂತರವೇ ಐರಿಷ್ ವಂಶಾವಳಿ ಶೋಧನೆಯ ನಿಜವಾದ ಸಮಸ್ಯೆ.

ಕ್ಷಾಮ ಮತ್ತು ಹಡಗು

1841ರ ಜನಗಣತಿಯಂತೆ ಐರ್ಲೆಂಡ್‌ನ ಜನಸಂಖ್ಯೆ ಸುಮಾರು 81.75 ಲಕ್ಷ. ಹತ್ತೇ ವರ್ಷಗಳಲ್ಲಿ ಅದು ಸುಮಾರು 65.5 ಲಕ್ಷಕ್ಕೆ ಇಳಿಯಿತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ತಗುಲಿದ ಅಂಗಮಾರಿ ರೋಗವೇ ಈ ದುರಂತದ ಆರಂಭ. ಬಡ ಗೇಣಿದಾರರಿಗೆ ಆಲೂಗಡ್ಡೆಯೇ ಮೂರು ಹೊತ್ತಿನ ಊಟವಾಗಿತ್ತು. 1852ರವರೆಗಿನ ಅವಧಿಯಲ್ಲಿ ಹಸಿವು ಮತ್ತು ಜ್ವರಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು.

ಹೀಗೆ ಹೋದವರಲ್ಲಿ ಬಹುಪಾಲು ಜನರ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಅಮೆರಿಕದ ಬಂದರುಗಳಲ್ಲಿ 1820ರಿಂದ ಪ್ರಯಾಣಿಕರ ಪಟ್ಟಿ ಬರೆಯುವ ಕ್ರಮವಿತ್ತಾದರೂ, ಊರಿನ ಅಂಕಣದಲ್ಲಿ ಗುಮಾಸ್ತರು ಸಾಮಾನ್ಯವಾಗಿ ಬರೆದದ್ದು ‘ಐರ್ಲೆಂಡ್’ ಎಂಬ ಒಂದೇ ಪದ. 1906ಕ್ಕೆ ಮುಂಚಿನ ಅಮೆರಿಕದ ಪೌರತ್ವ ಪತ್ರಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅರ್ಜಿದಾರನು ಬ್ರಿಟನ್ ರಾಣಿಯ ಪ್ರಜೆಯಾಗಿದ್ದನೆಂಬ ಒಕ್ಕಣೆಯ ಹೊರತು ಅನೇಕ ಪತ್ರಗಳಲ್ಲಿ ಬೇರೇನೂ ಸಿಗದು.

ಐರ್ಲೆಂಡ್‌ನಲ್ಲಿ ಊರು ಗೊತ್ತಿಲ್ಲದಿದ್ದರೆ ಮುಂದೆ ಹೆಜ್ಜೆಯಿಡುವಂತಿಲ್ಲ. ಅಲ್ಲಿನ ಅತಿ ಚಿಕ್ಕ ಭೂ ಘಟಕದ ಹೆಸರು ‘ಟೌನ್‌ಲ್ಯಾಂಡ್’. ಹೆಸರಿನಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ, ಕೆಲವೇ ಮನೆ ಮತ್ತು ಹೊಲಗಳ ಒಂದು ತುಂಡು. ಇಂತಹ ಘಟಕಗಳ ಸಂಖ್ಯೆ 60 ಸಾವಿರಕ್ಕೂ ಹೆಚ್ಚು. ಮರ್ಫಿ, ಕೆಲ್ಲಿ, ಸಲಿವನ್ ಮುಂತಾದ ಮನೆತನದ ಹೆಸರುಗಳು ಸಾವಿರಾರು ಕುಟುಂಬಗಳಿಗೆ ಸಾಮಾನ್ಯ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿಯೂ ಇತ್ತು. ಹೀಗಾಗಿ ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಐದಾರು ಮಂದಿ ಪ್ಯಾಟ್ರಿಕ್ ಮರ್ಫಿಗಳಿರುವುದು ಆಶ್ಚರ್ಯದ ಸಂಗತಿಯಲ್ಲ.

ಒಂದು ಬೆಂಕಿ, ಹಲವು ಅಚಾತುರ್ಯ

1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ‘ಫೋರ್ ಕೋರ್ಟ್ಸ್’ ಆವರಣದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ತುತ್ತಾಯಿತು. ಏಳು ಶತಮಾನಗಳ ಆಡಳಿತದ ಕಾಗದಗಳು ಬೂದಿಯಾದವು. 1821, 1831, 1841 ಮತ್ತು 1851ರ ಜನಗಣತಿಯ ನಮೂನೆಗಳ ಬಹುಭಾಗ, ಉಯಿಲುಗಳು, ಪ್ರಾಟೆಸ್ಟೆಂಟ್ ಚರ್ಚ್ ಆಫ್ ಐರ್ಲೆಂಡ್‌ನ ಅನೇಕ ಪುಸ್ತಕಗಳು ಅದರಲ್ಲಿ ಸೇರಿದ್ದವು.

ಎಲ್ಲ ನಷ್ಟವನ್ನೂ ಈ ಬೆಂಕಿಯ ತಲೆಗೆ ಕಟ್ಟುವುದು ವಾಡಿಕೆ. ಅದು ಸರಿಯಲ್ಲ. 1861 ಮತ್ತು 1871ರ ಗಣತಿಯ ಮೂಲ ನಮೂನೆಗಳನ್ನು ಲೆಕ್ಕ ಮುಗಿದ ಬಳಿಕ ಸರ್ಕಾರವೇ ನಾಶಪಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾಗಿ ಹೋದವು. ಶತ್ರುವಿನ ಗುಂಡು ಮಾಡಿದಷ್ಟೇ ಹಾನಿಯನ್ನು ಗುಮಾಸ್ತನ ಉದಾಸೀನವೂ ಮಾಡಿತು ಎಂಬುದು ಗಮನಾರ್ಹ. ಸಂಪೂರ್ಣವಾಗಿ ಉಳಿದಿರುವ ಹಳೆಯ ಗಣತಿಗಳು 1901 ಮತ್ತು 1911ರವು ಮಾತ್ರ. ಅವನ್ನು ರಾಷ್ಟ್ರೀಯ ಪತ್ರಾಗಾರವು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ.

ಅಮೆರಿಕದ ಕಡೆಯೂ ಇಂತಹದೇ ಕಂದಕವಿದೆ. 1890ರ ಅಮೆರಿಕದ ಜನಗಣತಿಯ ಬಹುಭಾಗ 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ಸರ್ಕಾರಿ ಕಟ್ಟಡವೊಂದರ ಬೆಂಕಿಯಲ್ಲಿ ಹಾಳಾಯಿತು. ಪರಿಣಾಮವಾಗಿ 1880ರಿಂದ 1900ರವರೆಗಿನ ಇಪ್ಪತ್ತು ವರ್ಷ ಕುಟುಂಬಗಳ ಜಾಡು ಮಸುಕಾಗುತ್ತದೆ.

ಒಂದು ಹೆಸರು, ಇಬ್ಬರು ಮಹಿಳೆಯರು

ಇಂತಹ ಕಂದಕಗಳನ್ನು ಊಹೆಯಿಂದ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಆ್ಯನಿ ಮೂರ್ ಪ್ರಕರಣಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ಕಾರ್ಯಾರಂಭ ಮಾಡಿತು. ಅದರ ಪುಸ್ತಕದಲ್ಲಿ ದಾಖಲಾದ ಮೊದಲ ವಲಸಿಗಳು ಕಾರ್ಕ್ ಪ್ರಾಂತದ ಹುಡುಗಿ ಆ್ಯನಿ ಮೂರ್. ಇಬ್ಬರು ತಮ್ಮಂದಿರೊಡನೆ ‘ನೆವಾಡಾ’ ಹಡಗಿನಲ್ಲಿ ಬಂದಿದ್ದ ಆಕೆಗೆ ಅಧಿಕಾರಿಗಳು ಹತ್ತು ಡಾಲರಿನ ಚಿನ್ನದ ನಾಣ್ಯ ನೀಡಿದರು. ಅಲ್ಲಿಂದ ಮುಂದೆ ಆಕೆ ಜನಜಂಗುಳಿಯಲ್ಲಿ ಮರೆಯಾದಳು.

ದಶಕಗಳ ನಂತರ, ಟೆಕ್ಸಾಸ್‌ನಲ್ಲಿ 1923ರಲ್ಲಿ ತೀರಿಕೊಂಡ ಅದೇ ಹೆಸರಿನ ಮಹಿಳೆಯೇ ಆಕೆಯೆಂಬ ನಂಬಿಕೆ ಬೇರೂರಿತು. ಪುಸ್ತಕಗಳಲ್ಲಿ ಹಾಗೆಯೇ ಅಚ್ಚಾಯಿತು, ಸಮಾರಂಭಗಳಿಗೆ ಆ ಕುಟುಂಬದವರಿಗೆ ಆಹ್ವಾನವೂ ಹೋಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಹೆಸರು ಹೊಂದಿಕೆಯಾಗಿತ್ತು, ಅಷ್ಟೇ.

ವಂಶಾವಳಿ ತಜ್ಞೆ ಮೇಗನ್ ಸ್ಮೋಲೆನ್ಯಾಕ್ ಜನಗಣತಿಯ ಪುಟಗಳನ್ನು ತೆರೆದು ನೋಡಿದಾಗ ಟೆಕ್ಸಾಸ್‌ನ ಮಹಿಳೆ ಹುಟ್ಟಿದ್ದು ಐರ್ಲೆಂಡ್‌ನಲ್ಲಲ್ಲ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಎಂಬುದು ಕಂಡುಬಂತು. 2006ರಲ್ಲಿ ಸತ್ಯ ಹೊರಬಿತ್ತು. ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಅಲ್ಲಿಯ ಬಡವರ ಬೀದಿಗಳಲ್ಲೇ ಸಂಸಾರ ಹೂಡಿ 1924ರಲ್ಲಿ ಮೃತಪಟ್ಟಿದ್ದಳು. ಕ್ವೀನ್ಸ್ ಪ್ರದೇಶದ ಕ್ಯಾಲ್ವರಿ ಸ್ಮಶಾನದಲ್ಲಿ ಆಕೆಯ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. 2008ರಲ್ಲಿ ಅಲ್ಲಿ ಶಿಲೆಯನ್ನು ಸ್ಥಾಪಿಸಲಾಯಿತು. ಒಂದು ತಪ್ಪು ಹೊಂದಿಕೆಯಿಂದಾಗಿ ಒಂದು ಕುಟುಂಬ ತನ್ನದಲ್ಲದ ಅಜ್ಜಿಯನ್ನು ಪಡೆದಿತ್ತು, ಇನ್ನೊಂದು ತನ್ನ ಅಜ್ಜಿಯನ್ನು ಕಳೆದುಕೊಂಡಿತ್ತು.

ಅಡ್ಡದಾರಿಯ ದಾಖಲೆಗಳು

ಹೆದ್ದಾರಿ ಮುಚ್ಚಿದ ಮೇಲೆ ಅಡ್ಡದಾರಿಗಳೇ ಗತಿ. ಬೇರೆ ಬೇರೆ ಉದ್ದೇಶಕ್ಕೆ ಬರೆದಿಟ್ಟ ಕಾಗದಗಳಿಂದ ಸಂಬಂಧಗಳನ್ನು ಹೆಕ್ಕಿ ತೆಗೆಯುವುದೇ ಐರಿಷ್ ಶೋಧಕರ ವಿಧಾನ.

ಮೊದಲ ನಿಯಮವೆಂದರೆ, ಹುಡುಕಾಟವನ್ನು ಐರ್ಲೆಂಡ್‌ನಿಂದ ಆರಂಭಿಸಬಾರದು. ವಲಸಿಗ ಹೋಗಿ ನೆಲೆಸಿದ ಊರಿನಿಂದ ಹಿಮ್ಮುಖವಾಗಿ ಬರಬೇಕು. ಬಾಸ್ಟನ್‌ನ ‘ದಿ ಪೈಲಟ್’ ಪತ್ರಿಕೆಯು 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳಿಗಾಗಿ ಜಾಹೀರಾತುಗಳನ್ನು ಪ್ರಕಟಿಸುತ್ತಿತ್ತು. ಅಣ್ಣನನ್ನು ಹುಡುಕುವ ತಂಗಿ, ಗಂಡನನ್ನು ಹುಡುಕುವ ಹೆಂಡತಿ ತಮ್ಮವರನ್ನು ಗುರುತಿಸಲೆಂದು ಊರು, ಹಡಗು, ಹೊರಟ ವರ್ಷಗಳನ್ನು ಬರೆಸುತ್ತಿದ್ದರು. ಯಾವ ಸರ್ಕಾರಿ ಕಡತವೂ ಕೇಳದ ಊರಿನ ಹೆಸರು ಈ ಅಳಲಿನ ಸಾಲುಗಳಲ್ಲಿ ಉಳಿದುಬಂದಿದೆ. ಐರಿಷ್ ವಲಸಿಗರಿಗಾಗಿ ನ್ಯೂಯಾರ್ಕ್‌ನಲ್ಲಿ 1850ರಲ್ಲಿ ಆರಂಭವಾದ ‘ಎಮಿಗ್ರಂಟ್’ ಉಳಿತಾಯ ಬ್ಯಾಂಕು ಖಾತೆದಾರರ ಗುರುತಿಗಾಗಿ ಹುಟ್ಟೂರು ಮತ್ತು ತಂದೆ ತಾಯಿಯರ ಹೆಸರನ್ನು ಬರೆದುಕೊಳ್ಳುತ್ತಿತ್ತು. ಇಂದು ಆ ಪುಸ್ತಕಗಳೂ ಅಮೂಲ್ಯ.

ಊರು ಗೊತ್ತಾದ ಮೇಲೆ ಐರ್ಲೆಂಡ್‌ನ ಸರದಿ. ಅಲ್ಲಿ ಎಲ್ಲರ ಜನನ ಮತ್ತು ಮರಣದ ನೋಂದಣಿ ಹಾಗೂ ಕ್ಯಾಥೊಲಿಕರ ವಿವಾಹ ನೋಂದಣಿ ಶುರುವಾದದ್ದು 1864ರಲ್ಲಿ. ಇತರರ ವಿವಾಹ ನೋಂದಣಿ 1845ರಿಂದಲೇ ಇತ್ತು. ಅದಕ್ಕೂ ಹಿಂದಕ್ಕೆ ಹೋಗಲು ಕ್ಯಾಥೊಲಿಕ್ ಚರ್ಚುಗಳ ಜ್ಞಾನಸ್ನಾನ ಮತ್ತು ಮದುವೆಯ ಪುಸ್ತಕಗಳೇ ಆಸರೆ. ಇವುಗಳ ಚಿತ್ರಗಳನ್ನು ಐರ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯವು 2015ರ ಜುಲೈನಲ್ಲಿ ಅಂತರ್ಜಾಲಕ್ಕೆ ಏರಿಸಿತು. ಮಗುವಿನ ಹೆಸರಿನ ಪಕ್ಕದಲ್ಲಿರುವ ಜ್ಞಾನಪಿತ, ಜ್ಞಾನಮಾತೆಯರ ಹೆಸರುಗಳನ್ನು ಅನುಭವಿಗಳು ಮೊದಲು ಓದುತ್ತಾರೆ. ಅವರು ಬಹುತೇಕ ಸೋದರತ್ತೆಯೋ ಸೋದರಮಾವನೋ ಆಗಿರುತ್ತಾರೆಂಬುದೇ ಇದಕ್ಕೆ ಕಾರಣ.

ರಿಚರ್ಡ್ ಗ್ರಿಫಿತ್ ನೇತೃತ್ವದಲ್ಲಿ 1847ರಿಂದ 1864ರವರೆಗೆ ನಡೆದ ಆಸ್ತಿ ಮೌಲ್ಯಮಾಪನವೂ ಇಂತಹದೇ ಆಕರ. ಸ್ಥಳೀಯ ಕರ ವಿಧಿಸಲೆಂದು ತಯಾರಾದ ಈ ಪಟ್ಟಿಯಲ್ಲಿ ಸುಮಾರು 10 ಲಕ್ಷ ಹಿಡುವಳಿದಾರರ ಹೆಸರಿದೆ. ಆದರೆ ಹೆಂಡತಿ ಮಕ್ಕಳ ಹೆಸರಿಲ್ಲ. ಅದು ಒಂದು ಹೆಸರು ಒಂದು ಊರಿನಲ್ಲಿತ್ತು ಎಂದು ಹೇಳುತ್ತದೆಯೇ ಹೊರತು ಯಾರು ಯಾರ ಮಗ ಎಂದು ಹೇಳುವುದಿಲ್ಲ.

ಇವೆಲ್ಲಕ್ಕಿಂತ ಕುತೂಹಲಕರವಾದದ್ದು ವೃದ್ಧಾಪ್ಯ ವೇತನದ ಕಡತ. 1908ರ ಕಾಯಿದೆಯಂತೆ 70 ವರ್ಷ ತುಂಬಿದ ಬಡವರಿಗೆ 1909ರ ಜನವರಿಯಿಂದ ಪಿಂಚಣಿ ದೊರೆಯತೊಡಗಿತು. ಆದರೆ 1830ರ ದಶಕದಲ್ಲಿ ಹುಟ್ಟಿದವರ ಬಳಿ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? 1841 ಮತ್ತು 1851ರ ಜನಗಣತಿಯಲ್ಲಿ ತಮ್ಮ ಹೆಸರನ್ನು ಹುಡುಕಿಕೊಡುವಂತೆ ಆ ವೃದ್ಧರು ಅರ್ಜಿ ಸಲ್ಲಿಸಿದರು. ಗುಮಾಸ್ತರು ಮೂಲವನ್ನು ನೋಡಿ ಕುಟುಂಬದ ವಿವರವನ್ನು ನಮೂನೆಯಲ್ಲಿ ಬರೆದರು. ಮುಂದೆ ಮೂಲವೇ ಸುಟ್ಟುಹೋಯಿತು, ನಮೂನೆಗಳು ಉಳಿದವು. ತಮ್ಮ ವಯಸ್ಸನ್ನು ಸಾಬೀತುಪಡಿಸಲು ಹೊರಟ ಬಡ ಮುದುಕರು ತಮಗರಿವಿಲ್ಲದೆಯೇ ಮುಂದಿನ ತಲೆಮಾರುಗಳಿಗೆ ಪುರಾವೆ ಉಳಿಸಿಕೊಟ್ಟರು.

ಪುರಾವೆ ಎಂದರೇನು?

ಅಮೆರಿಕದ ವಂಶಾವಳಿ ತಜ್ಞರ ಪ್ರಮಾಣೀಕರಣ ಮಂಡಳಿಯು ಪುರಾವೆಗೆ ಐದು ಷರತ್ತುಗಳನ್ನು ವಿಧಿಸಿದೆ. ಸಾಧ್ಯವಿರುವ ಎಲ್ಲ ಆಕರಗಳಲ್ಲೂ ಹುಡುಕಿರಬೇಕು. ಪ್ರತಿಯೊಂದು ಮಾಹಿತಿ ಎಲ್ಲಿಂದ ಬಂತೆಂದು ತಿಳಿಸಬೇಕು. ಎಲ್ಲವನ್ನೂ ಒಂದಕ್ಕೊಂದು ಹೋಲಿಸಿ ತೂಗಬೇಕು. ಪರಸ್ಪರ ವಿರುದ್ಧವಾದ ಮಾಹಿತಿಗೆ ಸಮಾಧಾನ ಹೇಳಬೇಕು. ತೀರ್ಮಾನವನ್ನು ತರ್ಕಬದ್ಧವಾಗಿ ಬರೆದಿಡಬೇಕು. ನಾಲ್ಕನೆಯ ಷರತ್ತೇ ಅತ್ಯಂತ ಕಠಿಣ. ತಮಗೆ ಇಷ್ಟವಾದ ತೀರ್ಮಾನಕ್ಕೆ ಅಡ್ಡ ಬರುವ ಒಂದು ಸಾಲನ್ನು ಕಂಡೂ ಕಾಣದಂತೆ ಬಿಡುವುದು ಮನುಷ್ಯ ಸಹಜ. ಟೆಕ್ಸಾಸ್‌ನ ಆ್ಯನಿಯ ವಿಷಯದಲ್ಲಿ ನಡೆದದ್ದೂ ಸರಿಸುಮಾರು ಇದೇ.

ವಯಸ್ಸಿನ ವ್ಯತ್ಯಾಸವನ್ನು ಮಾತ್ರ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. 1901ರಿಂದ 1911ರ ನಡುವೆ ಹತ್ತಕ್ಕಿಂತ ಹೆಚ್ಚು ವರ್ಷ ‘ಬೆಳೆದ’ ಐರಿಷರು ಬಹಳ. ನಡುವೆ ಪಿಂಚಣಿ ಬಂದದ್ದನ್ನು ನೆನೆದರೆ ರಹಸ್ಯ ಬಯಲಾಗುತ್ತದೆ.

ಸರಿಯಾಗಿ ನಡೆದ ಶೋಧಕ್ಕೆ ಬರಾಕ್ ಒಬಾಮ ಪ್ರಕರಣ ನಿದರ್ಶನ. ತಾಯಿಯ ಕಡೆಯಿಂದ ಅವರಿಗೆ ಐದು ತಲೆಮಾರು ಹಿಂದಿನವನಾದ ಫಾಲ್ಮತ್ ಕಿಯರ್ನಿ, ಪಾದರಕ್ಷೆ ಹೊಲಿಯುವ ಕುಟುಂಬದವನು. 1850ರಲ್ಲಿ ಆಫಲಿ ಕೌಂಟಿಯ ಮನಿಗಾಲ್‌ನಿಂದ ಅಮೆರಿಕಕ್ಕೆ ಹೊರಟವನು. ಅಮೆರಿಕದ ಕಡೆಯ ದಾಖಲೆಗಳು ಊರಿನತ್ತ ಬೆರಳು ತೋರಿದವು. 2007ರಲ್ಲಿ ಸ್ಥಳೀಯ ಚರ್ಚಿನ ಪುಸ್ತಕಗಳು ಅದನ್ನು ದೃಢಪಡಿಸಿದವು. ಎರಡು ಖಂಡಗಳ ಕಾಗದಗಳು ಪರಸ್ಪರ ಸಾಕ್ಷಿ ನುಡಿದ ಮೇಲೆಯೇ, 2011ರ ಮೇ ತಿಂಗಳಲ್ಲಿ ಅಧ್ಯಕ್ಷರು ಆ ಪುಟ್ಟ ಊರಿಗೆ ಭೇಟಿ ನೀಡಿದರು.

ಕಾನೂನಿನ ಹಗ್ಗ ಎಷ್ಟು ಉದ್ದ?

2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆಯಲು ತೀರ್ಮಾನಿಸಿದ ಬಳಿಕ ಐರಿಷ್ ಅಜ್ಜಿಯರಿಗೆ ಏಕಾಏಕಿ ಬೆಲೆ ಬಂತು. ಐರಿಷ್ ಪೌರತ್ವವೆಂದರೆ ಒಕ್ಕೂಟದಾದ್ಯಂತ ವಾಸ ಮತ್ತು ಉದ್ಯೋಗದ ಹಕ್ಕು. ಅಜ್ಜ ಅಥವಾ ಅಜ್ಜಿ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳು ವಿದೇಶಿ ಜನನಗಳ ದಫ್ತರದಲ್ಲಿ ಹೆಸರು ನೋಂದಾಯಿಸಿ ಪೌರರಾಗಬಹುದು.

ಇಲ್ಲಿ ಬೇಕಾದದ್ದು ಸರಪಳಿಯಂತೆ ಕೂಡಿಕೊಂಡ ಸರ್ಕಾರಿ ಪ್ರಮಾಣಪತ್ರಗಳು. ಅಜ್ಜಿಯ ಜನನ, ಆಕೆಯ ವಿವಾಹ, ಆಕೆಯ ಮಗ ಅಥವಾ ಮಗಳ ಜನನ ಮತ್ತು ವಿವಾಹ, ಕೊನೆಗೆ ಅರ್ಜಿದಾರರ ಜನನ. ಮದುವೆಯ ನಂತರ ಹೆಸರು ಬದಲಾಗಿ, ಆ ಮದುವೆಯ ಪತ್ರ ಸಿಗದಿದ್ದರೆ ಕೊಂಡಿ ಕಳಚುತ್ತದೆ. ಮುತ್ತಜ್ಜನ ಮಟ್ಟಕ್ಕೆ ಹೋದರೆ ನಿಯಮ ಇನ್ನೂ ಬಿಗಿ. ಅರ್ಜಿದಾರ ಹುಟ್ಟುವ ಮೊದಲೇ ತಂದೆ ಅಥವಾ ತಾಯಿ ನೋಂದಾಯಿಸಿಕೊಂಡಿದ್ದರೆ ಮಾತ್ರ ಅವಕಾಶ.

ಅಂದರೆ ಕ್ಷಾಮದ ಹಡಗಿನಲ್ಲಿ ಹೋದವರ ಸಂತತಿಗೆ ಕಾನೂನಿನ ಹಗ್ಗ ನಿಲುಕುವುದೇ ಇಲ್ಲ. ಎಲ್ಲವನ್ನೂ ಸಾಬೀತುಪಡಿಸಿದರೂ ಅವರಿಗೆ ದಕ್ಕುವುದು ಒಂದು ಊರಿನ ಹೆಸರು ಮಾತ್ರ. ಆದರೂ ಅತಿ ಹೆಚ್ಚು ಶ್ರಮಪಟ್ಟು ಹುಡುಕುತ್ತಿರುವವರಲ್ಲಿ ಅವರೂ ಸೇರಿದ್ದಾರೆ. ಪುರಾವೆಯ ಬೆಲೆಯನ್ನು ಪಾಸ್‌ಪೋರ್ಟಿನಿಂದಷ್ಟೇ ಅಳೆಯಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರಕ್ತ ಹೇಳುವುದೆಷ್ಟು?

ಕಾಗದ ಸೋತ ಕಡೆ ಡಿಎನ್‌ಎ ಗೆಲ್ಲುತ್ತದೆ ಎಂಬ ನಂಬಿಕೆ ಈಗ ವ್ಯಾಪಕ. ಅದರಲ್ಲಿ ಸತ್ಯವಿದೆ, ಮಿತಿಯೂ ಇದೆ. ಎಂಜಲಿನ ಮಾದರಿಯ ಪರೀಕ್ಷೆಯು ಇಬ್ಬರು ಬಂಧುಗಳೆಂದು ಹೇಳಬಲ್ಲದು. ಆದರೆ ದೊಡ್ಡಪ್ಪನ ಕಡೆಯವರೋ ಸೋದರಮಾವನ ಕಡೆಯವರೋ ಎಂಬುದನ್ನು ತಾನಾಗಿ ಹೇಳದು. ಆ ಉತ್ತರಕ್ಕೆ ಮತ್ತೆ ವಂಶವೃಕ್ಷವೇ ಬೇಕು.

ಲೆಕ್ಕ ಹಾಕಿ ನೋಡಬಹುದು. 1830ರಲ್ಲಿ ಹುಟ್ಟಿ ವಲಸೆ ಹೋದವನು, 1960ರ ಸುಮಾರಿಗೆ ಹುಟ್ಟಿದ ಅಮೆರಿಕನ್ನರಿಗೆ ಸಾಮಾನ್ಯವಾಗಿ ನಾಲ್ಕು ತಲೆಮಾರು ಹಿಂದಿನವನು. ಊರಲ್ಲೇ ಉಳಿದ ಅವನ ಅಣ್ಣನ ಸಂತತಿಯಲ್ಲಿ ಇಂದು ಬದುಕಿರುವವರು ಇವರಿಗೆ ನಾಲ್ಕನೆಯ ಹಂತದ ಸೋದರ ಸಂಬಂಧಿಗಳು. ಆ ಹಂತದ ಬಂಧುಗಳಲ್ಲಿ ಪತ್ತೆಯಾಗುವಷ್ಟು ಡಿಎನ್‌ಎ ಹಂಚಿಕೊಂಡಿರುವವರು ಸುಮಾರು ಅರ್ಧದಷ್ಟು ಮಾತ್ರ. ಆದ್ದರಿಂದ ಹೊಂದಿಕೆಯಾಗಲಿಲ್ಲವೆಂದರೆ ಸಂಬಂಧವಿಲ್ಲವೆಂದು ಅರ್ಥವಲ್ಲ. ಒಂದೇ ಪ್ರದೇಶದೊಳಗೆ ತಲೆಮಾರುಗಳ ಕಾಲ ಕೊಟ್ಟು ತಂದ ಕುಟುಂಬಗಳಲ್ಲಿ ಹೊಂದಿಕೆ ಇದ್ದದ್ದಕ್ಕಿಂತ ಹೆಚ್ಚು ಹತ್ತಿರವೆಂದು ತೋರುವುದೂ ಉಂಟು. ಡಿಎನ್‌ಎ ಒಬ್ಬ ಒಳ್ಳೆಯ ಸಾಕ್ಷಿ, ನ್ಯಾಯಾಧೀಶನಲ್ಲ.

ಸಾಕ್ಷಿಯ ಸುರಕ್ಷತೆಯೂ ಪ್ರಶ್ನೆಯೇ. ‘23ಆ್ಯಂಡ್‌ಮಿ’ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋಯಿತು. ಪೂರ್ವಜರನ್ನು ಹುಡುಕಲು ಕೊಟ್ಟ ಮಾದರಿ ಮಕ್ಕಳು ಮೊಮ್ಮಕ್ಕಳ ಗುಟ್ಟನ್ನೂ ಹೊತ್ತಿರುತ್ತದೆ.

ಮುಚ್ಚಿಟ್ಟ ಕಾಗದಗಳು

ಎಲ್ಲ ದಾಖಲೆಗಳೂ ಬೆಂಕಿಯಿಂದಲೇ ಕಾಣೆಯಾಗಲಿಲ್ಲ. 1940ರ ದಶಕದಿಂದ 1970ರ ದಶಕದ ಆರಂಭದವರೆಗೆ ಐರ್ಲೆಂಡ್‌ನ ಅವಿವಾಹಿತ ತಾಯಂದಿರ 2,000ಕ್ಕೂ ಹೆಚ್ಚು ಮಕ್ಕಳನ್ನು ಅಮೆರಿಕಕ್ಕೆ ದತ್ತು ಕಳುಹಿಸಲಾಯಿತು. ಅವರೂ ವಲಸಿಗರೇ. ಮಾತು ಬಾರದ ವಯಸ್ಸಿನ ವಲಸಿಗರು. ತಾಯಿ ಮಗುವನ್ನು, ಮಗು ತಾಯಿಯನ್ನು ಹುಡುಕುತ್ತ ಬಂದರೂ ಸಂಸ್ಥೆಗಳು ಬಾಯಿ ಬಿಡದ ಪ್ರಸಂಗ ಫಿಲೊಮಿನಾ ಲೀ ಅವರ ಬದುಕನ್ನು ಆಧರಿಸಿದ 2013ರ ಚಲನಚಿತ್ರದಿಂದ ಜಗತ್ತಿಗೆ ತಿಳಿಯಿತು. ದತ್ತು ಹೋದವರಿಗೆ ಅವರ ಜನನ ಪ್ರಮಾಣಪತ್ರ ಮತ್ತು ಹುಟ್ಟಿನ ಮಾಹಿತಿ ಪಡೆಯುವ ಹಕ್ಕನ್ನು ಐರ್ಲೆಂಡ್ ಕಾನೂನಿನ ಮೂಲಕ ನೀಡಿದ್ದು 2022ರಲ್ಲಿ. ಅಷ್ಟರಲ್ಲಿ ಅನೇಕ ತಾಯಂದಿರು ಕಣ್ಣು ಮುಚ್ಚಿದ್ದರು. ವಂಶಾವಳಿ ಎಂಬುದು ನಿವೃತ್ತರ ಹವ್ಯಾಸ ಎನ್ನುವವರಿಗೆ ಈ ಅಧ್ಯಾಯವೇ ಉತ್ತರ.

ಬೆಂಗಳೂರಿನ ದಂಡು ಪ್ರದೇಶಕ್ಕೂ ಈ ಕಥೆಯ ಒಂದು ಎಳೆ ಬಂದು ಸೇರುತ್ತದೆ. 1830ರ ಸುಮಾರಿಗೆ ಬ್ರಿಟಿಷ್ ಸೇನೆಯಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಐರಿಷರಿದ್ದರು. ದಂಡಿನಲ್ಲಿದ್ದ ಐರಿಷ್ ಕ್ಯಾಥೊಲಿಕರ ನೆನಪನ್ನು ಸೇಂಟ್ ಪ್ಯಾಟ್ರಿಕ್ ಚರ್ಚಿನ ಹೆಸರೇ ಹೇಳುತ್ತದೆ. ಇಂತಹ ಸೈನಿಕರ ಸಂತತಿಯ ಶೋಧ ಒಂದು ವಿಷಯದಲ್ಲಿ ಅಮೆರಿಕದವರಿಗಿಂತ ಸುಗಮ. ಬಿಡುಗಡೆ ಪತ್ರದಲ್ಲಿ ಸಿಪಾಯಿಯ ಹುಟ್ಟೂರನ್ನು ಬರೆಯುವುದು ಸೇನೆಯ ಪದ್ಧತಿಯಾಗಿತ್ತು. ಮದ್ರಾಸ್ ಪ್ರಾಂತದ ಚರ್ಚುಗಳ ಜ್ಞಾನಸ್ನಾನ, ಮದುವೆ, ಸಮಾಧಿಯ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದರೆ ಭಾರತೀಯ ತಾಯಂದಿರ ಹೆಸರು ಅವುಗಳಲ್ಲಿ ಅನೇಕ ಬಾರಿ ಅರೆಬರೆ, ಇಲ್ಲವೇ ಮಾಯ. ಯಾರನ್ನು ಬರೆಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ಲೇಖನಿ ಹಿಡಿದವನೇ ನಿರ್ಧರಿಸಿದ್ದ.

ದಾಖಲೆ ಯಾರ ಆಸ್ತಿ?

ಬೆಂಕಿ ಬಿದ್ದ ನೂರನೆಯ ವರ್ಷವಾದ 2022ರ ಜೂನ್‌ನಲ್ಲಿ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ ‘ವರ್ಚುವಲ್ ರೆಕಾರ್ಡ್ ಟ್ರೆಷರಿ’ ಅಂತರ್ಜಾಲದಲ್ಲಿ ತೆರೆಯಿತು. ನಾಶವಾದ ಕಡತಗಳ ನಕಲು, ಪ್ರತಿ, ಟಿಪ್ಪಣಿಗಳನ್ನು ದೇಶವಿದೇಶಗಳ ಸಂಗ್ರಹಗಳಿಂದ ಆಯ್ದು ಒಂದೆಡೆ ಸೇರಿಸುವ ಈ ಕೆಲಸ ಶ್ಲಾಘನೀಯ. ಬಳಕೆಗೆ ಶುಲ್ಕವಿಲ್ಲದಿರುವುದು ಇನ್ನೂ ಶ್ಲಾಘನೀಯ. 1901, 1911ರ ಗಣತಿ, ಚರ್ಚಿನ ಪುಸ್ತಕಗಳು, ಹಳೆಯ ಜನನ ಮರಣದ ದಾಖಲೆಗಳು ಎಲ್ಲವನ್ನೂ ಐರ್ಲೆಂಡ್ ತನ್ನ ಜನರಿಗೂ ತನ್ನನ್ನು ಬಿಟ್ಟುಹೋದ ಜನರ ಮಕ್ಕಳಿಗೂ ಸಮಾನವಾಗಿ ತೆರೆದಿಟ್ಟಿದೆ.

1926ರ ಗಣತಿಯಿಂದಲೂ ಎಲ್ಲ ಕೊಂಡಿಗಳು ಕೂಡಲಾರವು. ಅದು 26 ಕೌಂಟಿಗಳದು ಮಾತ್ರ. ಉತ್ತರ ಐರ್ಲೆಂಡ್‌ನ ಅದೇ ವರ್ಷದ ಗಣತಿಯ ನಮೂನೆಗಳು ಉಳಿದಿಲ್ಲ. ಆದರೂ ಊರಲ್ಲೇ ಉಳಿದ ಅಣ್ಣ ತಮ್ಮಂದಿರ, ಅವರ ಮಕ್ಕಳ ಜಾಡು ಇನ್ನೊಂದು ತಲೆಮಾರಿನಷ್ಟು ಈಚೆಗೆ ಸಿಗುತ್ತದೆ. ಡಿಎನ್‌ಎ ತೋರಿಸಿದ ‘ಯಾರೋ ಬಂಧು’ವಿಗೆ ಒಂದು ಮನೆ, ಒಂದು ಊರು, ಒಂದು ಹೆಸರು ದೊರೆಯುವುದು ಇಂತಹ ಪುಟಗಳಿಂದಲೇ.

ಕಾಗದ ಕಳೆದುಹಾಕಿದ್ದು ಸರ್ಕಾರಗಳು, ಸೈನ್ಯಗಳು, ಸಂಸ್ಥೆಗಳು. ಅದನ್ನು ಸಾಬೀತುಪಡಿಸುವ ಹೊರೆ ಬಿದ್ದದ್ದು ಮೊಮ್ಮಕ್ಕಳ ಮೇಲೆ. ಹಾಗಿರುವಾಗ ಉಳಿದ ಪ್ರತಿಯೊಂದು ಪುಟವನ್ನು ಜೋಪಾನ ಮಾಡಿ ಎಲ್ಲರ ಕೈಗೆಟುಕುವಂತೆ ಇಡುವುದು ಪ್ರಭುತ್ವದ ಔದಾರ್ಯವಲ್ಲ, ಹಳೆಯ ಸಾಲದ ಮರುಪಾವತಿ. ಹಾಗೆ ಸಿಕ್ಕ ಪುಟವನ್ನು ಅವಸರಪಡದೆ ಓದುವುದು, ಹೆಸರು ಹೊಂದಿದ ಮಾತ್ರಕ್ಕೆ ಅಪರಿಚಿತರನ್ನು ಅಜ್ಜಿಯೆಂದು ಅಪ್ಪಿಕೊಳ್ಳದಿರುವುದು ಹುಡುಕುವವರ ಹೊಣೆ.